ಕಂಪನಿಯ ಮೈಲೇಜು, ನಮ್ಮ ಮೈಲೇಜು

ನಾವು ಕಾರು ಕೊಂಡಿದ್ದು ನಮ್ಮನೆಯವರು ಕಾಗದದ ಕಾರ್ಖಾನೆಯಿಂದ ನಿವೃತ್ತರಾದ ವರ್ಷ. ನಾನು ಜೋಯಿಡಾ ತಾಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಅಲ್ಲಿಯವರೆಗೆ ದಿನವೂ ದಾಂಡೇಲಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬಸ್ಸು ತಪ್ಪಿದ ದಿನ ಸೂಪಾ ಕಡೆಗೆ ಹೋಗುವ ಯಾವುದಾದರೂ ಜೀಪಿಗೆ ಕೈ ತೋರಿಸುತ್ತ ನಿಲ್ಲಬೇಕಾಗುತ್ತಿತ್ತು. ಇನ್ನು ಆ ತಾಪತ್ರಯ ಬೇಡವೆಂದು ಇಬ್ಬರೂ ಒಂದೇ ತಿಂಗಳಲ್ಲಿ ಡ್ರೈವಿಂಗ್ ಕಲಿತು, ಬಿಳಿ ಬಣ್ಣದ ಸಣ್ಣದೊಂದು ಪೆಟ್ರೋಲ್ ಕಾರು ತಂದೆವು.

ನಾನು ಬಣ್ಣ ನೋಡಿ ಒಪ್ಪಿದ್ದೆ. ನಮ್ಮನೆಯವರು ಮೈಲೇಜು ನೋಡಿ ಒಪ್ಪಿದ್ದರು. ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರ್ ಎಂದು ಕಂಪನಿಯ ಬಣ್ಣದ ಹಾಳೆಯಲ್ಲಿ ದಪ್ಪಕ್ಷರದಲ್ಲಿತ್ತು. ಅಂಬೇವಾಡಿಯ ನಮ್ಮ ಓಣಿಯಲ್ಲಿ ಕಾರು ನೋಡಲು ಬಂದವರಿಗೆಲ್ಲ ಅವರು ಮೊದಲು ಹೇಳುತ್ತಿದ್ದದ್ದೇ ಅದನ್ನು. ಸೀಟು ಎಷ್ಟು ಮೆತ್ತಗಿದೆ, ಹಿಂದೆ ಎಷ್ಟು ಜಾಗವಿದೆ ಎಂಬುದೆಲ್ಲ ಆಮೇಲಿನ ಮಾತು.

ಮೊದಲ ತಿಂಗಳು ಮುಗಿದ ಮೇಲೆ ಅವರು ಲೆಕ್ಕ ಹಾಕಿದರು. ಟ್ಯಾಂಕು ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ಪೂರ್ತಿ ತುಂಬಿಸಿ, ಎರಡನೆಯ ಸಲ ಎಷ್ಟು ಹಿಡಿಯಿತೋ ಅದರಿಂದ ಓಡಿದ ದೂರವನ್ನು ಭಾಗಿಸುವುದು. ಹದಿನಾಲ್ಕು ಬಂತು. ಫೋನಿನಲ್ಲಿ ಮತ್ತೆ ಒತ್ತಿ ನೋಡಿದರು. ಹದಿನಾಲ್ಕೇ. ಆ ದಿನ ಸಂಜೆ ಅವರು ಚಹಾ ಕುಡಿದ ರೀತಿ ನೋಡಿದರೆ ಯಾರೋ ಹತ್ತಿರದವರಿಗೆ ಹುಷಾರಿಲ್ಲವೇನೋ ಅನ್ನಿಸುವಂತಿತ್ತು.

ಮುಂದಿನ ತಿಂಗಳೆಲ್ಲ ಚಿಕಿತ್ಸೆ ನಡೆಯಿತು. ಟೈರಿಗೆ ವಾರಕ್ಕೊಮ್ಮೆ ಗಾಳಿ. ದಾಂಡೇಲಿಯ ಬಂಕು ಬಿಟ್ಟು ಹಳಿಯಾಳದ ಬಂಕಿನಲ್ಲಿ ಪೆಟ್ರೋಲು. ಹಿಂದಿನ ಡಿಕ್ಕಿಯಲ್ಲಿದ್ದ ಚಾಪೆ, ನೀರಿನ ಕ್ಯಾನು, ಕೊನೆಗೆ ನಾನು ತಿದ್ದಲು ತರುತ್ತಿದ್ದ ಮಕ್ಕಳ ಉತ್ತರಪತ್ರಿಕೆಯ ಕಟ್ಟೂ ಹೊರಗೆ ಬಂತು.

"ಈ ಕಾಗದ ಎಷ್ಟ ತೂಕ ಇರ್ತಾವ ಅಂತ ನನಗ ಗೊತ್ತೈತಿ. ಜನ್ಮ ಪೂರ್ತಿ ಅದನ್ನ ಹೊತ್ತೇನಿ," ಎಂದರು.

"ಹಂಗಾರ ನನ್ನೂ ಇಳಿಸ್ರಿ. ನಾನೂ ಕಡಿಮಿ ತೂಕ ಇಲ್ಲ," ಎಂದೆ.

ಏಪ್ರಿಲಿನಲ್ಲಿ ಎಸಿ ಹಾಕಬಾರದೆಂದು ಅಪ್ಪಣೆಯಾಯಿತು. ಕಿಟಕಿ ತೆರೆದರೆ ಗಾಳಿ ಎದುರು ನೂಕುತ್ತದೆ, ಅದೂ ಬೇಡ. ನಾನು ಎರಡು ದಿನ ಬೆವರಿನಲ್ಲಿ ತೊಯ್ದು ಶಾಲೆ ಮುಟ್ಟಿದೆ. ಮೂರನೆಯ ದಿನ ನಮ್ಮ ಹೆಡ್‌ಮಾಸ್ತರರು, "ಕಾರ್ ಕೆಟ್ಟೈತೇನ್ರಿ? ನಡಕೋತ ಬಂದ್ರೇನು?" ಎಂದು ಕೇಳಿದ ಮೇಲೆ ಆ ಅಪ್ಪಣೆಯನ್ನು ನಾನು ರದ್ದು ಮಾಡಿದೆ. ಇಷ್ಟೆಲ್ಲ ಮಾಡಿದರೂ ಹದಿನಾಲ್ಕು ಇದ್ದದ್ದು ಹದಿನಾಲ್ಕೂವರೆಯೂ ಆಗಲಿಲ್ಲ.

ಕೊನೆಗೆ ಕಾರು ಕೊಂಡ ಅಂಗಡಿಗೇ ಹೋದೆವು. ಅಲ್ಲಿನ ಯುವಕ ತಾಳ್ಮೆಯವನು. ಕಾರನ್ನು ಪೂರ್ತಿ ಪರೀಕ್ಷೆ ಮಾಡಿಸಿ, ಏನೂ ದೋಷವಿಲ್ಲವೆಂದ. ಇಪ್ಪತ್ತೆರಡು ಎಂದು ಬರೆದದ್ದು ಸುಳ್ಳಲ್ಲ, ಆದರೆ ಅದು ರಸ್ತೆಯ ಮೇಲಿನ ಲೆಕ್ಕವಲ್ಲ ಎಂದು ಬಿಡಿಸಿ ಹೇಳಿದ. ಕಾರನ್ನು ಒಂದು ಕೋಣೆಯಲ್ಲಿ ನಿಲ್ಲಿಸಿ, ಗಾಲಿಗಳನ್ನು ರೋಲರ್ ಮೇಲೆ ತಿರುಗಿಸುತ್ತಾರೆ. ಎಷ್ಟು ಹೊತ್ತಿಗೆ ಎಷ್ಟು ವೇಗ ಎಂದು ಮೊದಲೇ ಗೊತ್ತು ಮಾಡಿರುತ್ತಾರೆ. ಎಸಿ ಇಲ್ಲ, ಏರು ಇಲ್ಲ, ಹೊಂಡ ಇಲ್ಲ, ಅಡ್ಡ ಬರುವ ಎಮ್ಮೆ ಇಲ್ಲ. ಎಲ್ಲ ಕಾರುಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ಹೋಲಿಸಲು ಆ ಪರೀಕ್ಷೆ.

ನಮ್ಮನೆಯವರು ಎಲ್ಲವನ್ನೂ ಕೇಳಿಸಿಕೊಂಡು, "ಕೋಣಿಯಾಗ ಓಡೂ ಕಾರು ನಮಗ್ಯಾಕ್ರೀ? ನಮಗ ಜೋಯಿಡಾಕ್ಕ ಹೋಗೂದೈತಿ," ಎಂದರು.

ಯುವಕ ನಕ್ಕುಬಿಟ್ಟ. ನನಗೂ ನಗು ತಡೆಯಲಾಗಲಿಲ್ಲ. ನಕ್ಕಿದ್ದಕ್ಕೆ ದಾರಿಯುದ್ದಕ್ಕೂ ಅವರು ಎಸಿ ಹಾಕಲಿಲ್ಲ.

ಅಷ್ಟಕ್ಕೇ ಈ ಕಥೆ ಮುಗಿಯಬೇಕಿತ್ತು. ಮುಗಿಯದಂತೆ ಮಾಡಿದವಳು ನನ್ನ ಗೆಳತಿ. ಅವಳೂ ಶಿಕ್ಷಕಿ. ಹಳಿಯಾಳ ತಾಲೂಕಿನ ಹಳ್ಳಿಯೊಂದರ ಸಿದ್ದಿ ಸಮುದಾಯದವಳು. ಮನೆಯಲ್ಲಿ ಕೊಂಕಣಿ, ನನ್ನೊಡನೆ ನಮ್ಮದೇ ಕನ್ನಡ. ತರಬೇತಿ ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿದ್ದವರು ನಾವು. ನಾವು ಕೊಂಡ ಕೆಲವೇ ತಿಂಗಳಿಗೆ ಅವಳು ನಮ್ಮಂಥದ್ದೇ ಕಾರು ಕೊಂಡಳು. ಅದೇ ಕಂಪನಿ, ಅದೇ ಬಿಳಿ ಬಣ್ಣ. ಒಂದು ಭಾನುವಾರ ಮನೆಗೆ ಬಂದವಳು, ಉಪ್ಪಿಟ್ಟು ತಿನ್ನುತ್ತ, "ನಂದು ಹತ್ತೊಂಬತ್ತು ಕೊಡತೈತಿ. ನಿಮ್ದು?" ಎಂದುಬಿಟ್ಟಳು.

ನಮ್ಮನೆಯವರ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು.

"ಹತ್ತೊಂಬತ್ತು? ಎಸಿ ಹಾಕಿ?"

"ಹಾಕೇ. ನಾ ಯಾಕ ಬೆವರಲಿ?"

ಅವಳು ಹಳಿಯಾಳದಲ್ಲಿದ್ದು ಹತ್ತಿರದ ಹಳ್ಳಿಯ ಶಾಲೆಗೆ ಹೋಗುವವಳು. ಅವಳದ್ದು ಸಪಾಟು ರಸ್ತೆ. ನನ್ನದು ಕಾಡಿನೊಳಗಿನ ಏರಿಳಿತದ ತಿರುವುಗಳು. ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ ಎಂದು ನಾನು ಹೇಳಿದೆ. ನಮ್ಮನೆಯವರು ಒಪ್ಪಲಿಲ್ಲ. ಐದು ಕಿಲೋಮೀಟರ್ ವ್ಯತ್ಯಾಸ ತಿರುವಿನಲ್ಲಿ ಕರಗುವುದಿಲ್ಲ, ನಮ್ಮ ಕಾರೇ ಕಾಯಿಲೆಯದು ಎಂದು ಪಟ್ಟು ಹಿಡಿದರು.

"ಹಂಗಾರ ಒಂದ್ ವಾರ ಬದಲಿ ಮಾಡೂಣು ಬರ್ರಿ," ಎಂದಳು ಗೆಳತಿ. "ನನ್ನ ಕಾರು ನೀವ್ ಹೊಡೀರಿ, ನಿಮ್ದು ನಾ ಹೊಡೀತೇನಿ. ಯಾರ ಕಾಯಿಲಿ ಅಂತ ತಿಳೀತೈತಿ."

ಎರಡೂ ಕಾರಿನ ಟ್ಯಾಂಕು ತುಂಬಿಸಿ, ಕೀಲಿ ಬದಲಾಯಿಸಿಕೊಂಡೆವು. ನಮ್ಮನೆಯವರಿಗೆ ಎಷ್ಟು ಉತ್ಸಾಹವೆಂದರೆ ಅವಳ ಕಾರನ್ನು ಅಂದೇ ತೊಳೆದರು.

ಆ ವಾರದ ಮಧ್ಯೆ ಒಂದು ಸಂಜೆ ಶಾಲೆಯಿಂದ ಬಂದು ನಾನು ಬಟ್ಟೆ ಮಡಚುತ್ತಿದ್ದೆ. ನಾನು ಮನೆಗೆ ಬಂದ ಮೇಲೆ ನಮ್ಮನೆಯವರು ಕಾರು ತೆಗೆದುಕೊಂಡು "ಒಂದ್ ರೌಂಡ್ ಹೋಗಿ ಬರ್ತೇನಿ" ಎಂದು ಹೊರಡುವುದು ಕೆಲವು ತಿಂಗಳಿನಿಂದ ರೂಢಿ. ನಿವೃತ್ತರಾದವರಿಗೆ ಹೊತ್ತು ಹೋಗಬೇಕಲ್ಲ ಎಂದು ನಾನು ಕೇಳುತ್ತಿರಲಿಲ್ಲ. ಅಂದೂ ಹಾಗೇ ಹೋಗಿದ್ದರು. ಆಗ ಗೆಳತಿಯ ಫೋನು ಬಂತು. ದನಿಯಲ್ಲಿ ಗಾಬರಿ ಅರ್ಧ, ನಗು ಅರ್ಧ.

"ಅಲ್ಲಾ, ನನ್ನ ಕಾರ್ ಎಲ್ಲೈತಿ ಗೊತ್ತೈತೇನು?"

"ಮನಿಯವರು ತಗೊಂಡ್ ಹೋಗ್ಯಾರ. ಯಾಕ?"

"ನಮ್ಮ ತಮ್ಮ ಫೋನ್ ಮಾಡಿದ್ದ. ಕೋಗಿಲಬನದಾಗ ಹೊಳಿ ದಂಡಿಗೆ ನಿಂತೈತಂತ. ಇಂಜಿನ್ ಚಾಲೂ, ಕಿಡಕಿ ಕಾಜು ಪೂರ್ತಿ ಮುಚ್ಚೈತಿ, ಒಳಗ ಇಬ್ರು ಮುದುಕರು ಹಾಡು ಕೇಳಕೋತ ಕುಂತಾರಂತ. 'ಅಕ್ಕಾ, ನಿನ್ನ ಗಾಡಿ ಕಳುವಾಗೈತೇನು, ಹಿಡೀಲೇನು?' ಅಂತ ಕೇಳಾಕತ್ತಾನ!"

ಅವಳ ತಮ್ಮ ಕೋಗಿಲಬನದ ಹತ್ತಿರ ಪ್ರವಾಸಿಗರ ತಂಗುಮನೆಯೊಂದರಲ್ಲಿ ಕೆಲಸಕ್ಕಿದ್ದ. ಹಿಡಿಯಬೇಡ, ದೂರದಿಂದ ನೋಡುತ್ತಿರು ಎಂದು ಅವನಿಗೆ ತಿಳಿಸಲು ಹೇಳಿ, ಪಕ್ಕದ ಮನೆಯವರ ಸ್ಕೂಟರ್ ಕೇಳಿಕೊಂಡು ಹೊರಟೆ. ದಾರಿಯಲ್ಲೆಲ್ಲ ಒಂದೇ ಪ್ರಶ್ನೆ: ಇನ್ನೊಬ್ಬ ಮುದುಕ ಯಾರು?

ಹೊಳೆ ಆಗ ತುಂಬಿತ್ತು. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರೇನೋ, ಬೆಳಿಗ್ಗೆ ಕಾಣುವ ಬಂಡೆಗಳೆಲ್ಲ ಮುಳುಗಿದ್ದವು. ಮರದ ನೆರಳಿನಲ್ಲಿ ಗೆಳತಿಯ ಬಿಳಿ ಕಾರು ಸಣ್ಣಗೆ ಗುಂಯ್‌ಗುಡುತ್ತ ನಿಂತಿತ್ತು. ಕಾರಿನ ಕೆಳಗೆ ಎಸಿಯ ನೀರು ತೊಟ್ಟಿಕ್ಕಿ ಮಣ್ಣು ಹಸಿಯಾಗಿತ್ತು. ನಾನು ಹೋಗಿ ಕಿಟಕಿಗೆ ಬಡಿದೆ. ಗಾಜು ಇಳಿಯಿತು. ತಣ್ಣನೆಯ ಗಾಳಿ, ಹಳೆಯ ಹಾಡು, ನಮ್ಮನೆಯವರ ಬೆಚ್ಚಿದ ಮುಖ. ಅವರ ಪಕ್ಕದಲ್ಲಿದ್ದವರನ್ನು ನೋಡಿ ನಾನೂ ಬೆಚ್ಚಿದೆ.

ಅವರು ನಮ್ಮನೆಯವರ ಜೊತೆ ಒಂದೇ ಪಾಳಿಯಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದ ಸಹೋದ್ಯೋಗಿ. ಒಂದು ಕಾಲದಲ್ಲಿ ನಮ್ಮ ಮನೆಯಲ್ಲೇ ಊಟ ಮಾಡುತ್ತಿದ್ದವರು. ಬಹಳ ವರ್ಷದ ಹಿಂದೆ ಕಾರ್ಮಿಕರ ಕ್ವಾರ್ಟರ್ಸಿನ ಕೇರಂ ಪಂದ್ಯದ ಕೊನೆಯ ಆಟದಲ್ಲಿ, ಕೆಂಪು ಕಾಯಿ ನ್ಯಾಯವಾಗಿ ಬಿತ್ತೋ ಇಲ್ಲವೋ ಎಂದು ಇಬ್ಬರಿಗೂ ಜಗಳವಾಯಿತು. "ಇನ್ನ ನಾ ಅವನ ಹೊಸ್ತಿಲ ತುಳಿಯೂದಿಲ್ಲ" ಎಂದು ನಮ್ಮನೆಯವರು ಅಡುಗೆಮನೆಯಲ್ಲಿ ನಿಂತು ಶಪಥ ಮಾಡಿದ್ದರು. ಅಂದಿನಿಂದ ಎರಡೂ ಮನೆಗೆ ಮಾತಿರಲಿಲ್ಲ. ಅವರಿಗೆ ಪಾರ್ಶ್ವವಾಯು ಬಡಿದು ಎಡಗಾಲು ಸ್ವಾಧೀನ ತಪ್ಪಿದ ಸುದ್ದಿ ಕೇಳಿದಾಗಲೂ ನಮ್ಮನೆಯವರು ಎದ್ದು ಹೊರಗೆ ಹೋಗಿದ್ದರು.

"ಇದು ಯಾವಾಗಿಂದ?" ಎಂದು ಕೇಳಿದೆ.

ನಮ್ಮನೆಯವರು ಹಾಡಿನ ಸದ್ದು ತಗ್ಗಿಸಿದರು. ಉತ್ತರ ಕೊಟ್ಟವರು ಅವರ ಗೆಳೆಯರೇ. ಮಾತು ಸ್ವಲ್ಪ ತೊದಲುತ್ತಿತ್ತು. "ಕಾರ್ ತಂದ ಮರುವಾರದಿಂದರೀ ಅಕ್ಕಾರ. ದಿನಾ ಬರ್ತಾನ."

"ಹೊಸ್ತಿಲ ತುಳಿಯೂದಿಲ್ಲ ಅಂದಿದ್ರಿ?"

"ತುಳಿದಿಲ್ಲ," ಎಂದರು ನಮ್ಮನೆಯವರು ತಕ್ಷಣ. "ಓಣ್ಯಾಗ ನಿಂತು ಹಾರ್ನ್ ಹೊಡೀತೇನಿ. ಅವನ ಮಗಳು ಕೈ ಹಿಡಕೊಂಡು ತಂದು ಕೂಡಸ್ತಾಳ."

ಗೆಳೆಯರು ಬಾಯಿ ಸೊಟ್ಟ ಮಾಡಿ ನಕ್ಕರು. ಅವರಿಗೆ ಬಿಸಿಲು ಧಗೆ ತಡೆಯಲು ಆಗುವುದಿಲ್ಲ, ಇಳಿದು ನಿಲ್ಲಲೂ ಆಗುವುದಿಲ್ಲ. ಅದಕ್ಕೇ ಹೊಳೆಗೆ ಮುಖ ಮಾಡಿ ಕಾರು ನಿಲ್ಲಿಸಿ, ಎಸಿ ಹಾಕಿ, ಹಾಡು ಹಚ್ಚಿ, ಕತ್ತಲಾಗುವವರೆಗೆ ಇಬ್ಬರೂ ಕುಳಿತಿರುತ್ತಿದ್ದರಂತೆ. ಮಾತು ಹೆಚ್ಚೇನಿಲ್ಲ. ಯಾರು ಇದ್ದಾರೆ, ಯಾರು ಹೋದರು, ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಕಿರುಚುತ್ತ ಹೋಗುವ ಪ್ರವಾಸಿಗರಲ್ಲಿ ಯಾರು ಬೀಳುತ್ತಾರೆ, ಇಷ್ಟೇ.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆದರೂ ಶಾಲೆಯ ದನಿಯಲ್ಲಿ ಕೇಳಿದೆ: "ಅಲ್ಲಾ, ಇಷ್ಟ ಹೊತ್ತು ಇಂಜಿನ್ ಚಾಲೂ ಇಟ್ರ ಮೈಲೇಜ್ ಎಲ್ಲಿಂದ ಬರಬೇಕು?"

"ಗಾಲಿ ತಿರಗಲಿಲ್ಲ ಅಂದ್ರ ಪೆಟ್ರೋಲ್ ಎಷ್ಟ ಸುಡತೈತಿ?" ಎಂದರು ನಮ್ಮನೆಯವರು. ನಿಜವಾಗಿ ಹಾಗೇ ನಂಬಿದ್ದರು. ನಿಂತ ಕಾರು ಎಂದರೆ ಮಲಗಿದ ಎತ್ತು ಎಂದೇ ಅವರ ಲೆಕ್ಕ. ದೂರ ಒಂದಿಷ್ಟೂ ಕೂಡದೆ ಪೆಟ್ರೋಲು ಮಾತ್ರ ಇಳಿಯುತ್ತ ಹೋಗುತ್ತದೆ ಎಂದು ನಾನು ಬಿಡಿಸಿ ಹೇಳಿದಾಗ ಅವರ ಮುಖ ನೋಡಬೇಕಿತ್ತು. ತಿಂಗಳುಗಟ್ಟಲೆ ಕಂಪನಿಯನ್ನು ಬೈದವರು, ಬಂಕು ಬದಲಿಸಿದವರು, ನನ್ನನ್ನು ಬೆವರಿಸಿದವರು!

"ಅಂದ್ರ ಇವನ ಹೊಟ್ಟಿಗೆ ಹೋಗೇತಿ ನನ್ನ ಪೆಟ್ರೋಲು," ಎಂದು ಗೆಳೆಯರ ಕಡೆ ಬೆರಳು ತೋರಿಸಿದರು.

"ಆ ದಿನ ಕೆಂಪ ಕಾಯಿ ನಂದ ಅಂತ ಒಪ್ಪಿದ್ರ, ಮನ್ಯಾಗ ಕುಂತ ಮಾತಾಡತಿದ್ವಿ, ಪೆಟ್ರೋಲ್ ಉಳೀತಿತ್ತು," ಎಂದರು ಗೆಳೆಯರು.

ಮತ್ತೆ ಜಗಳ ಶುರುವಾಯಿತು. ನಾನು ಹಿಂದಿನ ಸೀಟಿನಲ್ಲಿ ಹತ್ತಿ ಕುಳಿತು, ಅದು ಮುಗಿಯುವವರೆಗೆ ಹೊಳೆ ನೋಡಿದೆ.

ಲೆಕ್ಕ ಕೆಡಬಾರದೆಂದು ಆ ವಾರ ಪೂರ್ತಿ ಅವರು ಹಾಗೇ ಹೊಳೆಗೆ ಹೋಗಿ ಬಂದರು. ವಾರ ಮುಗಿದ ಮೇಲೆ ಲೆಕ್ಕ ಬಂತು. ಗೆಳತಿಯ ಕಾರು ನಮ್ಮ ಕೈಯಲ್ಲಿ ಹದಿನಾಲ್ಕು ಕೊಟ್ಟಿತ್ತು. ನಮ್ಮ 'ಕಾಯಿಲೆಯ' ಕಾರು ಅವಳ ಕೈಯಲ್ಲಿ ಹತ್ತೊಂಬತ್ತು. ಆಮೇಲೆ ನಾವು ಗೆಳೆಯರ ಮನೆಗೆ ಹೋದೆವು. ಹೊಸ್ತಿಲ ಹತ್ತಿರ ನಮ್ಮನೆಯವರು ಒಂದು ಗಳಿಗೆ ನಿಂತರು. ಒಳಗಿನಿಂದ, "ಹಾರ್ನ್ ಹೊಡದ ಬಾರೋ," ಎಂಬ ದನಿ ಬಂತು. ಬಾಯಲ್ಲೇ 'ಪೊಂ' ಎಂದು ಒಳಗೆ ಕಾಲಿಟ್ಟರು. ಒಂದು ಮಡಚುವ ಕುರ್ಚಿ ತಂದೆವು. ಧಗೆ ಇಳಿದ ಮೇಲೆ ಹೋಗಿ, ಇಬ್ಬರೂ ಸೇರಿ ಗೆಳೆಯರನ್ನು ಇಳಿಸಿ, ಹೊಳೆ ದಂಡೆಯಲ್ಲಿ ಕೂರಿಸುತ್ತೇವೆ. ನಿಜವಾದ ಗಾಳಿಯೇ ಚಂದ ಎಂದು ಅವರು ಈಗ ಹೇಳುತ್ತಾರೆ. ಕಾರು ಹದಿನೇಳೂವರೆ ಕೊಡುತ್ತಿದೆ. ಕಾಡಿನ ಏರಿಗೆ ಅಷ್ಟೇ ಅದರ ಶಕ್ತಿ. ಇಪ್ಪತ್ತೆರಡು ಆ ಕೋಣೆಯೊಳಗೇ ಉಳಿಯಿತು.

ಮಳೆಗಾಲ ಕಳೆದ ಮೇಲೆ ಒಂದು ರಜೆಯ ದಿನ ಎಲ್ಲರೂ ಸೇರಿ ಮುಂಡಗೋಡಕ್ಕೆ ಹೋದೆವು. ಗೆಳೆಯರ ಅಕ್ಕ ಅಲ್ಲಿದ್ದಾರೆ. ಕಾಲು ಹೋದಾಗಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಇವರು ಅಲ್ಲಿಗೆ ಹೋಗಿರಲಿಲ್ಲ. ಅಕ್ಕನಿಗೂ ಮಂಡಿ ನೋವು. ಹಳಿಯಾಳದಲ್ಲಿ ಗೆಳತಿ ಹತ್ತಿಕೊಂಡಳು. ಅಲ್ಲಿಂದ ಕಲಘಟಗಿಯ ಮೇಲೆ ಹಾಯ್ದು ಅವಳೇ ಓಡಿಸಿದಳು. ಮುಂದಿನ ಸೀಟಿನಲ್ಲಿ ಗೆಳೆಯರು, ಹಿಂದೆ ನಾವಿಬ್ಬರು. ದಾರಿಯ ಎರಡೂ ಬದಿ ಗೋವಿನಜೋಳ ತಲೆಯೆತ್ತಿ ನಿಂತಿತ್ತು.

ಅಕ್ಕ ಅಂಗಳದಲ್ಲಿ ತೆನೆ ಸುಲಿಯುತ್ತ ಕುಳಿತಿದ್ದರು. ಕಾರಿನಿಂದ ತಮ್ಮನನ್ನು ಇಳಿಸುವುದನ್ನು ನೋಡಿ ಎದ್ದವರು, ಕೈಯಲ್ಲಿದ್ದ ತೆನೆ ಹಿಡಿದೇ ಬಂದರು. "ಇಷ್ಟ ದಿನ ಎಲ್ಲಿ ಹಾಳಾಗಿ ಹೋಗಿದ್ದೀ?" ಎಂದು ಬೈದು, ಅದೇ ಉಸಿರಿನಲ್ಲಿ ಅತ್ತು, ಕಣ್ಣೊರೆಸಿಕೊಂಡು, ನಮ್ಮೆಲ್ಲರಿಗೂ ಕೈಕಾಲು ತೊಳೆಯಲು ನೀರು ಕೊಟ್ಟರು. ರೊಟ್ಟಿ, ಬದನೆಕಾಯಿ, ಮೊಸರು. ಅಕ್ಕ-ತಮ್ಮ ಊಟವಾದ ಮೇಲೂ ತಟ್ಟೆಯ ಮುಂದೆಯೇ ಕುಳಿತು ಮಾತಾಡಿದರು.

ಹೊರಡುವಾಗ ಅಕ್ಕ ಬಾಗಿಲಿಗೆ ಬಂದವರು ತಟ್ಟನೆ ಒಳಗೆ ಹೋಗಿ, ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಬಂದರು. "ನಾನೂ ಬರ್ತೇನಿ. ನಾಕ್ ದಿನ ಇದ್ದ ಬರ್ತೇನಿ. ಜಾಗಾ ಐತೇನ್ರೀ?"

"ಬರ್ರಿ ಬರ್ರಿ, ಸರೀರಿ ಎಲ್ಲಾರೂ," ಎಂದಳು ಗೆಳತಿ.

ನಮ್ಮನೆಯವರು ಬಾಗಿಲಿಗೆ ಅಂಟಿಕೊಂಡು ಜಾಗ ಮಾಡಿದರು. ಅಕ್ಕ ನಡುವೆ ಕುಳಿತು, ಊರು ದಾಟುವ ಮೊದಲೇ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದರು. ಇಳಿಬಿಸಿಲು ಕಿಟಕಿಯಿಂದ ಅವರ ಮುಖದ ಮೇಲೆ ಬೀಳುತ್ತಿತ್ತು. ಮುಂದಿನ ಸೀಟಿನಿಂದ ತಮ್ಮ ತಿರುಗಿ ತಿರುಗಿ ನೋಡುತ್ತಿದ್ದರು.

"ಗೊರಕಿ ಹೊಡೀತಾಳಲ್ಲಾ," ಎಂದರು ಅವರು ಸಂತೋಷದಿಂದ. "ಸಣ್ಣಾಕಿ ಇದ್ದಾಗಿಂದನೂ ಹಿಂಗ."