ಎಡಗೈಯ ಕಾಡುಕೋಣ

ಗಂಟೆ ಹೊಡೆಯುವಾಗ ಅವರು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದರು, ಪೆಟ್ಟು ಕಬ್ಬಿಣದ ತುಂಡಿಗಲ್ಲ, ತಮ್ಮ ಹಣೆಗೇ ಬೀಳುತ್ತದೆ ಎಂಬಂತೆ. ಹೀಗೆಂದು ನನ್ನ ನೆನಪು. ಹತ್ತಿರ ನಿಂತು ನೋಡಿದವಳಲ್ಲ ನಾನು. ಸಿದ್ದಾಪುರದ ಆ ಶಾಲೆಯಲ್ಲಿ ನಾನು ಇತಿಹಾಸ ಕಲಿಸುತ್ತಿದ್ದೆ. ಅವರು ಗಂಟೆ ಹೊಡೆದು, ನೀರು ತುಂಬಿ, ಕಸ ಗುಡಿಸುತ್ತಿದ್ದರು. ತೊಂಬತ್ತರ ದಶಕದ ಕೊನೆ. ಮಕ್ಕಳಿಗೆ ಅವರು ಗಂಟೆಯಮ್ಮ, ನಮಗೂ ಅಷ್ಟೇ.

ಶಿರಸಿಯಲ್ಲಿ ಶಿಕ್ಷಕರು ತಯಾರಿಸಿದ ಪಾಠೋಪಕರಣಗಳ ಸ್ಪರ್ಧೆಯಿತ್ತು. ಆದಿಮಾನವರ ಗುಹೆಯನ್ನೇ ಮಾಡುತ್ತೇನೆಂದು ಹಟ ಹಿಡಿದೆ. ಗೋಣಿಚೀಲಗಳನ್ನು ಮೈದಾ ಅಂಟಿನಲ್ಲಿ ಅದ್ದಿ, ಬುಟ್ಟಿ, ಕುರ್ಚಿಗಳ ಮೇಲೆ ಹೊದಿಸಿ ಒಣಗಿಸಿದೆ. ಬಂಡೆ ಚೆನ್ನಾಗಿಯೇ ಬಂತು. ಅದರ ಮೇಲೆ ಕೆಮ್ಮಣ್ಣು, ಸುಣ್ಣ, ಒಲೆಯ ಇದ್ದಿಲಿನಿಂದ ಚಿತ್ರ ಬರೆಯಲು ಕೂತಾಗ ಕೈ ಸೋತಿತು. ಗಂಟೆಯಮ್ಮ ಕಸಬರಿಗೆ ಹಿಡಿದೇ ಬಂದು ನಿಂತರು.

"ಎಂತ ಅಕ್ಕೋರೆ ಇದು, ಎಮ್ಮೆನಾ?"

"ಕಾಡುಕೋಣ."

"ಕೋಣಕ್ಕೆ ಮೊಣಕಾಲ ತನಕ ಬಿಳಿ ಇರ್ತದೆ, ಕಾಲುಚೀಲ ಹಾಕ್ದಂಗೆ. ಪಾಪ, ನೀವು ಬರಿಗಾಲಲ್ಲಿ ನಿಲ್ಸಿದೀರಿ."

ಮರುದಿನ ಮದುವೆಮನೆಯ ಗೋಡೆಗೆ ಚಿತ್ತಾರ ಬರೆಯುವ ಪುಂಡಿನಾರಿನ ಕುಂಚ ತಂದರು. ಕೆಮ್ಮಣ್ಣಿನಲ್ಲಿ ಅದ್ದಿ ಎಳೆದ ಗೆರೆ ಗೋಣಿಯ ಉಬ್ಬುತಗ್ಗು ದಾಟಿಯೂ ನೇರವಾಗಿ ಹೋಯಿತು. ಕೋಣ, ಬಿಲ್ಲು ಹಿಡಿದವರು, ಕೈಕೈ ಹಿಡಿದು ಕುಣಿಯುವವರು. ನನಗೆ ಸಮಾಧಾನವಾಗಲಿಲ್ಲ.

"ಇಷ್ಟು ನೀಟಾಗಿ ಬೇಡ. ಆ ಕಾಲದವರಿಗೆ ಚಿತ್ರ ಬರೆಯೋದು ಗೊತ್ತಿರಲಿಲ್ಲ. ಸೊಟ್ಟ ಮಾಡಿ."

"ಗೊತ್ತಿಲ್ದೇ ಇದ್ರೆ ಬಂಡೆ ಹತ್ತಿ ಯಾಕೆ ಬರೀತಿದ್ರು?" ಎಂದರು. ಆದರೂ ಕುಂಚವನ್ನು ಎಡಗೈಗೆ ಬದಲಿಸಿಕೊಂಡು, ಇನ್ನೊಂದು ಬದಿಯಲ್ಲಿ ಎಲ್ಲವನ್ನೂ ಮತ್ತೆ ಬರೆದರು. ಗೆರೆ ನಡುಗಿತು, ಕೋಣ ಓಡತೊಡಗಿತು. ಅದನ್ನೇ ಎದುರಿಗೆ ಇಟ್ಟೆ.

ಗುಹೆ ಹೊರಲು ನಾಲ್ವರು ಹುಡುಗಿಯರು, ಅವರನ್ನು ನೋಡಿಕೊಳ್ಳಲು ಗಂಟೆಯಮ್ಮ ಶಿರಸಿಗೆ ಬಂದರು. ಹಸಿರು ಸೀರೆ ಉಟ್ಟಿದ್ದರು. ಅಥವಾ ಈ ಹಸಿರು ನಾನು ಆಮೇಲೆ ಬಳಿದದ್ದು. ತೀರ್ಪುಗಾರರು ಕೋಣದ ಎದುರು ಬಹಳ ಹೊತ್ತು ನಿಂತರು.

"ಯಾರು ಬರೆದದ್ದು?"

"ನಾನೇ ಸಾರ್."

"ಇಂಥ ಕಲಿಯದ ಕೈ ಹೇಗೆ ತಂದಿರಿ?"

"ಎಡಗೈಯಲ್ಲಿ ಬರೆದೆ."

ಎರಡನೆಯ ಸುಳ್ಳು ತಾನಾಗಿ ಬಂತು. "ಭೇಷ್! ಒಂದು ಗೆರೆ ಎಳೆದು ತೋರಿಸಿ, ನೋಡುವ" ಎಂದರು ತೀರ್ಪುಗಾರರು. ಗುಹೆಯ ಪಕ್ಕ ಪ್ರದರ್ಶನಕ್ಕಿಟ್ಟಿದ್ದ ಕುಂಚ ತೆಗೆದುಕೊಂಡೆ. ಹುಡುಗಿಯರು ನೆಲ ನೋಡಿದರು. ಯಾರು ಬರೆದದ್ದೆಂದು ನಾಲ್ವರಿಗೂ ಗೊತ್ತಿತ್ತು.

"ಬೇಡ ಸಾರ್," ಗಂಟೆಯಮ್ಮ ಹಿಂದಿನಿಂದ ಹೇಳಿದರು. "ಅಕ್ಕೋರ ಎಡಗೈ ಬಾತಿದೆ. ನಿನ್ನೆ ಬಕೇಟು ಎತ್ತಿ ಉಳುಕ್ತು."

ಬಹುಮಾನ ಬಂತು. ಪ್ರಮಾಣಪತ್ರದಲ್ಲಿ ನನ್ನ ಹೆಸರು. ವಾಪಸು ಬರುವಾಗ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಬಗ್ಗಿ ಕೇಳಿದರು: "ಕೈ ನೋವು ಹೆಂಗದೆ ಅಕ್ಕೋರೆ?" ನೆನಪಿನಲ್ಲಿ ಈ ಮಾತು ಹೇಳುವಾಗ ಅವರು ಕೆಲವು ಸಲ ನಗುತ್ತಾರೆ, ಕೆಲವು ಸಲ ನಗುವುದಿಲ್ಲ. ನಾನು ಕೊಟ್ಟ ಉತ್ತರ ಮಾತ್ರ ಬದಲಾಗುವುದಿಲ್ಲ. "ಈಗ ಪರವಾಗಿಲ್ಲ" ಎಂದಿದ್ದೆ, ನಿಜಕ್ಕೂ ಕೈ ಉಳುಕಿದವಳ ಹಾಗೆ.

ಮುಂದಿನ ವರ್ಷ ನನಗೆ ಯಲ್ಲಾಪುರಕ್ಕೆ ವರ್ಗವಾಯಿತು. ತಪ್ಪಾಯಿತೆಂದು ಹೇಳಲು ನಡುವೆ ಒಂದಿಡೀ ವರ್ಷವಿತ್ತು. ದಿನಕ್ಕೆ ಎಂಟು ಸಲ ಅವರ ಗಂಟೆ ಕೇಳಿಸುತ್ತಿತ್ತು. ಹೇಳಲಿಲ್ಲ. ಅವರು ತೀರಿಕೊಂಡ ಸುದ್ದಿಯನ್ನು ಹಳೆಯ ಸಹೋದ್ಯೋಗಿಯೊಬ್ಬರು ಬೇರೇನೋ ಮಾತಿನ ನಡುವೆ ಹೇಳಿದರು.

ಆ ಹೊತ್ತಿಗಾಗಲೇ ನಾನು ಶಿಕ್ಷಕರ ತರಬೇತಿಗಳಲ್ಲಿ ಗೋಣಿ-ಮೈದಾ ಬಂಡೆ ಮಾಡಿಸಿ, "ಈಗ ಎಡಗೈಯಲ್ಲಿ ಬರೆಯಿರಿ" ಎನ್ನುತ್ತಿದ್ದೆ. ಸುದ್ದಿ ತಿಳಿದ ಮೇಲಿನ ಒಂದು ತರಬೇತಿಯಲ್ಲಿ ಕಿರವತ್ತಿ ಕಡೆಯ ಮಾಸ್ತರರೊಬ್ಬರು, "ಭಾರಿ ಐತಿ ಬಿಡ್ರಿ ಈ ಉಪಾಯ. ನಿಮಗ ಯಾರು ಕಲಿಸಿದ್ರು?" ಎಂದು ಕೇಳಿದರು.

"ಸಿದ್ದಾಪುರದಲ್ಲಿ ಒಬ್ಬರು."

"ಕಲಾವಿದರೇನ್ರಿ?"

ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದವರು ಎನ್ನಲು ನಾಲಿಗೆ ಏಳಲಿಲ್ಲ. "ಹೌದು, ಕಲಾವಿದರು" ಎಂದೆ. ಆ ಮಾತು ನಿಜ. ಆದರೆ ನಿಜವೆಂದು ನಾನು ಅದನ್ನು ಹೇಳಿರಲಿಲ್ಲ.