ಆರು ಜನರ ಊಟ ಉಂಡವಳು

ಸಣ್ಣಕ್ಕನನ್ನು ನಾನು ಮೊದಲು ಕಂಡದ್ದು ಎರಡು ಸಾವಿರದ ಹತ್ತರ ಜೂನ್ ತಿಂಗಳಲ್ಲಿ, ಶಾಲೆ ತೆರೆದ ಮೂರನೆಯ ದಿನ. ಹಾಸನದ ಕಡೆಯ ದುದ್ದದಿಂದ ಒಳಕ್ಕೆ ಮೂರು ಮೈಲಿ ದೂರದ ಮಾವಿನಕಟ್ಟೆ ಕೊಪ್ಪಲಿನಲ್ಲಿ ಆಗ ನಾನು ಮುಖ್ಯೋಪಾಧ್ಯಾಯ. ಬಿಸಿಯೂಟದ ಅಡುಗೆಗೆ ನೇಮಕವಾದ ಕಾಗದವನ್ನು ಎಲೆಅಡಿಕೆ ಚೀಲದಿಂದ ತೆಗೆದು, ಮಡಿಕೆ ಬಿಡಿಸಿ, ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಮೂವತ್ತರ ಆಸುಪಾಸಿನ ಹೆಂಗಸು. ಯಾವ ಕೇರಿಯವಳೆಂದು ನಾನು ಕೇಳಲಿಲ್ಲ; ಅವಳು ನಿಂತ ದೂರವೇ ಅದನ್ನು ಹೇಳುತ್ತಿತ್ತು.

"ಎಷ್ಟು ಮಕ್ಳು ಸಾ?" ಎಂದಳು.

"ಎಂಬತ್ತಾರು."

"ಅಂಗಾರೆ ಬ್ಯಾಳೆ ಈಗ್ಲೇ ಒಲೆಗಾಕ್ಬೇಕು," ಎಂದು ಸೆರಗು ಸಿಕ್ಕಿಸಿಕೊಂಡು ಅಡುಗೆಕೋಣೆಯತ್ತ ನಡೆದುಬಿಟ್ಟಳು.

ಆ ದಿನ ಅವಳು ಮಾಡಿದ ನುಗ್ಗೆಸೊಪ್ಪಿನ ಸಾರನ್ನು ಮಕ್ಕಳು ಎರಡೆರಡು ಸಲ ಹಾಕಿಸಿಕೊಂಡರು. ಮರುದಿನ ಮೇಲುಬೀದಿಯ ಮೂವತ್ತೊಂದು ಮಕ್ಕಳು ಮನೆಯಿಂದ ಡಬ್ಬಿ ತಂದರು. ಅವರ ತಟ್ಟೆಗಳು ಒಂದು ವಾರ ಒದ್ದೆಯಾಗಲಿಲ್ಲ. ಸಣ್ಣಕ್ಕ ದಲಿತರ ಕೇರಿಯವಳು. ಅವಳು ಸೌಟು ಆಡಿಸಿದ ಪಾತ್ರೆಯ ಊಟ ಬೇಡವೆಂದು ಯಾವ ತಂದೆಯೂ ನನ್ನೆದುರು ಬಾಯಿಬಿಟ್ಟು ಹೇಳಲಿಲ್ಲ. "ಮಗೀಗೆ ಒಟ್ಟೆ ಸರಿ ಇಲ್ಲ ಸಾ," ಎಂದಷ್ಟೇ ಎಲ್ಲರೂ ಹೇಳಿದರು. ಆಗ ನಾನೊಂದು ಏರ್ಪಾಟು ಮಾಡಿದೆ. ಮೇಲುಬೀದಿಯ ಲಕ್ಕಮ್ಮ ಅಡುಗೆ ಮಾಡಿ ಬಡಿಸುವುದು. ಸಣ್ಣಕ್ಕ ಸಹಾಯಕಿಯಾಗಿ ಅಕ್ಕಿ ಆರಿಸುವುದು, ಸೊಪ್ಪು ಸೋಸುವುದು, ಪಾತ್ರೆ ತೊಳೆಯುವುದು. ಸದ್ಯಕ್ಕೆ ಎಂದು ಹೇಳಿದೆ. ಆ ಸದ್ಯ ಹದಿನೈದು ವರ್ಷ ನಡೆಯಿತು. ಅದರ ನಡುವೆ ನಾನು ನಿವೃತ್ತನೂ ಆದೆ. ಮುಂದಿನದನ್ನೆಲ್ಲ ಅವಳೇ ನನ್ನ ಮನೆಯ ಜಗಲಿಯಲ್ಲಿ ಕುಳಿತು ಹೇಳಿದ್ದು.

ಹದಿನೈದು ವರ್ಷ ಸಣ್ಣಕ್ಕ ಶಾಲೆಯ ಸೌಟನ್ನು ಕೈಯಲ್ಲಿ ಹಿಡಿದದ್ದು ತೊಳೆಯುವಾಗ ಮಾತ್ರ. ಅವಳ ಮಗಳು ಸಂಘಮಿತ್ರಾ ಮೂರನೆಯ ತರಗತಿಯಲ್ಲಿದ್ದಾಗ ಒಂದು ದಿನ ನಲ್ಲಿಯ ಹತ್ತಿರ ಬಂದು, "ಯವ್ವಾ, ನೀನ್ಯಾಕೆ ಬಡ್ಸಾಕಿಲ್ಲ?" ಎಂದು ಕೇಳಿದ್ದಳು. "ನಂಗೆ ಸೊಂಟ ನೋವು ಕಣವ್ವ," ಎಂದು ಸಣ್ಣಕ್ಕ ಆ ಮಾತನ್ನು ತೇಲಿಸಿದ್ದಳು. ಆದರೆ ಲಕ್ಕಮ್ಮನಿಗೆ ಅರವತ್ತು ತುಂಬುವ ವರ್ಷ ಬಂತು. ಅವಳು ಬಿಟ್ಟ ಜಾಗ ಹಿರಿತನದಲ್ಲಿ ಸಣ್ಣಕ್ಕನಿಗೇ ಬರಬೇಕು. ಲಕ್ಕಮ್ಮನೂ ಹಾಗೆಯೇ ಹೇಳುತ್ತಿದ್ದಳು: "ನಾನು ಓದ್ಮ್ಯಾಲೆ ನೀನೇ ಕಣವ್ವ ಇಲ್ಲಿಗೆ ದೊಡ್ಡೋಳು. ಇನ್ಯಾರವ್ರೆ?" ಸಂಬಳ ಕೊಂಚ ಹೆಚ್ಚಾಗುತ್ತಿತ್ತು, ನಿಜ. ಸಣ್ಣಕ್ಕನ ಆಸೆ ಅದರ ಮೇಲಿರಲಿಲ್ಲ. ಸಾಲಾಗಿ ಕುಳಿತ ಮಕ್ಕಳ ತಟ್ಟೆಗೆ ತನ್ನ ಕೈಯಾರೆ ಒಂದು ಸೌಟು ಸಾರು ಬಿಡಬೇಕು, ಅಷ್ಟೇ. ಅದಕ್ಕೆ ಶಾಲಾ ಸಮಿತಿಯ ಠರಾವಿಗೆ ಅಧ್ಯಕ್ಷನ ಸಹಿ ಬೇಕು. ಅಧ್ಯಕ್ಷ ಮೇಲುಬೀದಿಯ ದಿಲೀಪ; ಹಾಸನದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡವನು.

ಲಕ್ಕಮ್ಮನ ಬೀಳ್ಕೊಡುಗೆಯ ಊಟ ಹಾಸನದಲ್ಲಿ ಎಂದು ಹೇಳಿದವನೂ ಅವನೇ.

"ಕೋಳಿ ಕುಯ್ಯೋದು, ಮುದ್ದೆ ಕಟ್ಟೋದು ಯಾವಾಗ್ಲೂ ಇದ್ದಿದ್ದೇ. ಬಿ.ಎಂ. ರೋಡಲ್ಲಿ ಚೀನಾ ಓಟ್ಲು ಒಂದು ಓಪನ್ ಆಗೈತೆ. ಟೇಬಲ್ ಮ್ಯಾಲೇ ಒಲೆ ಇರ್ತದೆ. ಎಷ್ಟು ತಿಂದ್ರೂ ಒಂದೇ ರೇಟು. ಖರ್ಚು ನಂದು," ಎಂದ.

ಅವನ ತಾಯಿ ಪುಟ್ಟತಾಯಮ್ಮ ಶಾಲೆಯ ಅಂಗಳದಲ್ಲೇ ಕೇಳಿದಳು: "ಅವ್ಳೂ ಬತ್ತಾಳೇನ್ಲಾ?"

"ಓಟ್ಲಲ್ಲಿ ಅವ್ರವ್ರ ತಟ್ಟೆ ಅವ್ರವ್ರ ಮುಂದೆ ಕಣವ್ವ. ಯಾರು ಯಾರ್ದೂ ಮುಟ್ಟಂಗಿಲ್ಲ. ನೀನು ಸುಮ್ಕಿರು."

ನಲ್ಲಿಯ ಬಳಿ ಕೊಳದಪ್ಪಲೆ ಉಜ್ಜುತ್ತಿದ್ದ ಸಣ್ಣಕ್ಕನಿಗೆ ಇದು ಕೇಳಿಸಿತು. ಅವಳಿಗೆ ಬೇಸರವಾಗಲಿಲ್ಲ. ಕರೆದರಲ್ಲ ಎಂದು ಸಂತೋಷವೇ ಆಯಿತು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಆರು ಜನ ಒಂದು ಓಮ್ನಿಯಲ್ಲಿ ಹೊರಟರು: ದಿಲೀಪ, ಪುಟ್ಟತಾಯಮ್ಮ, ಲಕ್ಕಮ್ಮ, ನನ್ನ ಜಾಗಕ್ಕೆ ಬಂದ ಮುಖ್ಯೋಪಾಧ್ಯಾಯ ಶಾಂತರಾಜು, ಟೀಚರ್ ಭಾನುಪ್ರಿಯಾ, ಹಿಂದಿನ ಸೀಟಿನಲ್ಲಿ ಸಣ್ಣಕ್ಕ. ಅವಳು ಮಗಳ ಮದುವೆಗೆಂದು ತೆಗೆದಿಟ್ಟಿದ್ದ ನೀಲಿ ಸೀರೆ ಉಟ್ಟಿದ್ದಳು.

ಹೋಟೆಲು ಮಹಡಿಯ ಮೇಲಿತ್ತು. ಮೇಜಿನ ನಡುವೆ ಗುಂಡಗೆ ಕೊರೆದು ಕರೆಂಟಿನ ಒಲೆ ಹುದುಗಿಸಿದ್ದರು. ಮಣಿಪುರದ ಕಡೆಯವಳೆಂದು ಕಾಣುವ ಒಬ್ಬ ಹುಡುಗಿ ನಗುನಗುತ್ತಾ ತಟ್ಟೆಗಳನ್ನು ತಂದು ಜೋಡಿಸಿದಳು. ಕಾಗದದಷ್ಟು ತೆಳ್ಳಗೆ ಕೊಯ್ದ ಕುರಿಮಾಂಸ, ಕೋಳಿಯ ಚೂರು, ಸೀಗಡಿ, ಮೀನಿನ ಉಂಡೆ, ಅಣಬೆ, ಎಲೆಕೋಸು, ನೂಡಲ್ಸು, ಎಲ್ಲವೂ ಹಸಿ. ಒಲೆಯ ಮೇಲೆ ಸಾರಿನ ಪಾತ್ರೆ ಇಡಲು ಬಂದಳು. ಆರು ಜನಕ್ಕೆ ಒಂದೇ ಪಾತ್ರೆ.

"ಎಲ್ಲಾ ಇದ್ರಲ್ಲಿ ಹಾಕಿ, ಬೇಯಿಸಿ, ತೆಗೆದು ತಿನ್ನಿ," ಎಂದು ಕಲಿತ ಕನ್ನಡದಲ್ಲಿ ಹೇಳಿದಳು. "ಎಷ್ಟು ಬೇಕೋ ಅಷ್ಟು. ಉಳಿಸಿದ್ರೆ ಫೈನ್ ಇದೆ."

ಪುಟ್ಟತಾಯಮ್ಮ ಮಗನ ಮುಖ ನೋಡಿದಳು. "ಎಲ್ರೂ ಇದ್ಕೇ ಕೈ ಆಕದಾ?"

ದಿಲೀಪನ ಕಿವಿ ಕೆಂಪಾಯಿತು. ಬೇರೆ ಪಾತ್ರೆ ಕೇಳಿದ. ಮೇಜಿಗೊಂದೇ ಎಂದಳು ಹುಡುಗಿ. ಬೇಕಾದರೆ ನಡುವೆ ಅಡ್ಡ ಇರುವ ಪಾತ್ರೆ ಇದೆ, ಒಂದು ಕಡೆ ಖಾರದ ಕೆಂಪು ಸಾರು, ಇನ್ನೊಂದು ಕಡೆ ಸಪ್ಪೆ ಬಿಳಿ ಸಾರು. ಅದೇ ಬಂತು. ನಡುವೆ ತಗಡಿನ ಗೋಡೆ.

"ಸಣ್ಣಿ, ಕೆಂಪ್ಗಿರೋ ಕಡೆ ನಿಂದು," ಎಂದಳು ಪುಟ್ಟತಾಯಮ್ಮ. "ನಮ್ಗೆ ಖಾರ ಆಗಾಕಿಲ್ಲ ಕಣೆ, ವಯಸ್ಸಾಯ್ತು."

ಇಪ್ಪತ್ತೇಳು ವರ್ಷದ ಭಾನುಪ್ರಿಯಾ ಬಾಯಿಗೆ ಕರವಸ್ತ್ರ ಹಿಡಿದು ನಕ್ಕಳು.

"ಗೋಡೆ ಕಟ್ಟೋದ್ರಲ್ಲಿ ಚೀನಾದವ್ರು ಮೊದ್ಲಿಂದ್ಲೂ ಎತ್ತಿದ ಕೈ ಅಲ್ವಾ ಸಾ?" ಎಂದು ದಿಲೀಪ ಶಾಂತರಾಜುವಿನ ಕಡೆ ತಿರುಗಿದ. ಶಾಂತರಾಜು ಭುಜ ಕುಣಿಸಿ ನಕ್ಕ.

ಸಣ್ಣಕ್ಕನೂ ನಕ್ಕಳು. ಗೋಡೆ ಇದ್ದರೂ ಪಾತ್ರೆ ಒಂದೇ, ಮೇಜೂ ಒಂದೇ. ಇಷ್ಟು ಹತ್ತಿರ ಲಕ್ಕಮ್ಮನ ಪಕ್ಕದಲ್ಲಿ ಅವಳು ಎಂದೂ ಕುಳಿತಿರಲಿಲ್ಲ.

ದಿಲೀಪ ಒಂದೊಂದೇ ತಟ್ಟೆಯಿಂದ ಬಿಳಿ ಸಾರಿಗೆ ಕೋಳಿ, ಅಣಬೆ ಸುರಿದ. ಮಾತಿನ ಭರದಲ್ಲಿ ಒಲೆಯನ್ನು ಯಾರೂ ನೋಡಲಿಲ್ಲ. ಬಿಳಿ ಸಾರು ನೊರೆಯೆದ್ದು ಅಂಚಿಗೆ ಬಂತು. ಒಲೆಯ ಗುಂಡಿ ಸಣ್ಣಕ್ಕನ ಕಡೆಗಿತ್ತು. ಹುಡುಗಿ ಓಡಿಬಂದು ಸೌಟನ್ನು ಅವಳ ಕೈಗೇ ಕೊಟ್ಟು, "ಅಮ್ಮಾ, ನೀವು ತಿರುಗಿಸಿ, ನೀವು," ಎಂದಳು.

ಸಣ್ಣಕ್ಕ ಸೌಟು ಹಿಡಿದಳು. ಮುಂದಿನದೆಲ್ಲ ಕೈ ತಾನಾಗಿ ಮಾಡಿತು. ಉರಿ ತಗ್ಗಿಸಿ, ತಳದಿಂದ ಒಮ್ಮೆ ಮೇಲಕ್ಕೆ ಆಡಿಸಿ, ಬೆಂದ ತುಂಡೊಂದನ್ನು ಸೌಟಿನ ಅಂಚಿಗೆ ಒತ್ತಿ ನೋಡಿದಳು. ಬೆಂದಿತ್ತು. ಊಟ ಯಾರ ಹೆಸರಿನದೋ ಅವರಿಗೆ ಮೊದಲ ಸೌಟು ಹಾಕುವುದು ನಮ್ಮ ಕಡೆಯ ಪದ್ಧತಿ. ಕೆಂಪು, ಬಿಳಿ, ಗೋಡೆ ಯಾವುದೂ ಅವಳ ತಲೆಯಲ್ಲಿರಲಿಲ್ಲ. ತುಂಬು ಸೌಟನ್ನು ಲಕ್ಕಮ್ಮನ ಬಟ್ಟಲಿಗೆ ಬಿಟ್ಟು, "ತಕಳಕ್ಕ, ಇವತ್ತು ನಿನ್ನೂಟ," ಎಂದಳು.

ಲಕ್ಕಮ್ಮ ಬಟ್ಟಲನ್ನು ನೋಡಿದಳು. ಉಳಿದವರು ಲಕ್ಕಮ್ಮನನ್ನು ನೋಡಿದರು. ಅವಳು ತೋರುಬೆರಳ ತುದಿಯಿಂದ ಬಟ್ಟಲನ್ನು ಒಂದು ಗೇಣು ಆಚೆಗೆ ತಳ್ಳಿದಳು.

"ಒಟ್ಟೆ ತುಂಬ್ತು ಕಣವ್ವ."

ಅವರು ಬಂದು ಕುಳಿತು ಕಾಲು ಗಂಟೆಯೂ ಆಗಿರಲಿಲ್ಲ. ಯಾರ ಬಾಯಿಗೂ ಒಂದು ತುತ್ತು ಹೋಗಿರಲಿಲ್ಲ.

"ನಂದೂ ತುಂಬ್ತು," ಎಂದಳು ಪುಟ್ಟತಾಯಮ್ಮ.

"ನಾನು ಡಯೆಟ್‌ನಲ್ಲಿದೀನಿ," ಎಂದಳು ಭಾನುಪ್ರಿಯಾ.

ಶಾಂತರಾಜು ಎತ್ತಿದ್ದ ಚಮಚವನ್ನು ಕೆಳಗಿಟ್ಟ. ಅವನಿಗೆ ಹಸಿವಾಗಿತ್ತು, ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದ. "ಬೆಳಗಿನ ತಿಂಡಿಯೇ ಅರಗಿಲ್ಲ," ಎಂದ.

ಸಣ್ಣಕ್ಕನ ಕೈಯಲ್ಲಿ ಸೌಟು ಹಾಗೆಯೇ ಇತ್ತು. ಅದನ್ನು ಎಲ್ಲಿಡಬೇಕೆಂದು ಅವಳಿಗೆ ತೋಚಲಿಲ್ಲ. ಕೊನೆಗೆ ಕೆಂಪು ಸಾರಿನ ಕಡೆ ಇಟ್ಟಳು. "ತಪ್ಪಾಯ್ತು ದಿಲೀಪಣ್ಣ. ಗ್ಯಾನ ಇರ್ಲಿಲ್ಲ," ಎಂದಳು. ದಿಲೀಪ ಅವಳಿಗಿಂತ ಹತ್ತು ವರ್ಷ ಚಿಕ್ಕವನು.

ದಿಲೀಪ ಗೋಡೆಯ ಮೇಲಿನ ಹಲಗೆ ಓದಿದ. ಉಳಿಸಿದ ಪ್ರತಿ ತಟ್ಟೆಗೂ ದಂಡ. ಮೇಜಿನ ಮೇಲೆ ತಟ್ಟೆಗಳು ಒತ್ತೊತ್ತಾಗಿದ್ದವು. ಆಮೇಲೆ ಅವನ ಮುಖದಲ್ಲಿ ನಗು ಮೂಡಿತು.

"ತುಂಬ್ದೇ ಇರೋ ಒಟ್ಟೆ ಒಂದೈತಲ್ಲ ಇಲ್ಲಿ. ಸಣ್ಣಕ್ಕ, ನೀನು ಮುಟ್ಟಿದ್ದು, ನೀನೇ ಮುಗ್ಸು."

"ಅಷ್ಟೂವೇ ಆಗಾಕಿಲ್ಲ ಕಣಣ್ಣ."

"ಬರೋ ವಾರ ಮೀಟಿಂಗ್ ಐತೆ. ಎಂಬತ್ತು ಮಕ್ಳಿಗೆ ಬೇಯ್ಸೋಳಿಗೆ ಇದೇನ್ ಮಹಾ? ಇಲ್ಲಾಂದ್ರೆ ಈಗ್ಲೇ ಯೋಳ್ಬುಡು."

ಸಣ್ಣಕ್ಕ ಲಕ್ಕಮ್ಮನ ಕಡೆ ನೋಡಿದಳು. ಲಕ್ಕಮ್ಮ ಕಿಟಕಿಯಾಚೆ ರಸ್ತೆ ನೋಡುತ್ತಿದ್ದಳು.

ಅವಳು ತಿನ್ನತೊಡಗಿದಳು. ಮೊದಲು ಬಿಳಿ ಸಾರಿನಲ್ಲಿ ಬಿದ್ದಿದ್ದದ್ದು, ಆಮೇಲೆ ಕುರಿಮಾಂಸ, ಆಮೇಲೆ ಮೀನಿನ ಉಂಡೆ. ಬಿಳಿ ಸಾರು ಬತ್ತಿದ ಮೇಲೆ ಉಳಿದದ್ದನ್ನೆಲ್ಲ ಕೆಂಪು ಕಡೆಯಲ್ಲಿ ಬೇಯಿಸಬೇಕಾಯಿತು. ಆ ಖಾರ ನಮ್ಮ ಮೆಣಸಿನಕಾಯಿಯದಲ್ಲ. ನಾಲಗೆ ಜೋಮು ಹಿಡಿಯಿತು, ಕಣ್ಣು ಮೂಗು ಸುರಿಯಿತು. ನೀಲಿ ಸೀರೆಯ ಸೆರಗಿನಿಂದ ಒರೆಸಿಕೊಂಡು ತಿಂದಳು.

"ನಾಕ್ನೇ ತಟ್ಟೆ ಕಣ್ಲಾ," ಎಂದು ಪುಟ್ಟತಾಯಮ್ಮ ಜೋರಾಗಿ ಎಣಿಸಿದಳು. "ಐದ್ನೇದು. ಇವ್ಳ ಒಟ್ಟೆ ಏನು ಗೊರೂರು ಡ್ಯಾಮೇನ್ಲಾ!"

ದಿಲೀಪ ಫೋನು ಎತ್ತಿ ಹಿಡಿದು ವೀಡಿಯೋ ತೆಗೆದ. "ಇತ್ಲಾಗ್ ನೋಡು ಸಣ್ಣಕ್ಕ. ನಗು ವಸಿ." ಅವಳು ನಕ್ಕಳು. ಆ ವೀಡಿಯೋದಲ್ಲಿ ಆ ನಗು ಇದೆ, ಬಾಯ ತುಂಬ ನೂಡಲ್ಸೂ ಇದೆ.

ಊಟದ ಲೆಕ್ಕದಲ್ಲೇ ಐಸ್‌ಕ್ರೀಮೂ ಸೇರಿತ್ತು. ಅದು ಒಬ್ಬೊಬ್ಬರಿಗೆ ಒಂದೊಂದು ಕಪ್ಪಿನಲ್ಲಿ ಬರುತ್ತಿತ್ತು. ಹೊಟ್ಟೆ ತುಂಬಿದವರೆಲ್ಲ ಮೂರು ಮೂರು ಕಪ್ಪು ತಿಂದರು. ಲಕ್ಕಮ್ಮ ನಾಲ್ಕನೆಯದನ್ನು ತರಿಸಿಕೊಂಡಳು.

ಸಣ್ಣಕ್ಕ ಒಂದು ತಟ್ಟೆಯನ್ನೂ ಉಳಿಸಲಿಲ್ಲ. ಹೊರಡುವಾಗ ಆ ಸರ್ವರ್ ಹುಡುಗಿ ಅವಳ ಬೆನ್ನು ಸವರಿ ನೀರು ಕೊಟ್ಟಳು. ದುದ್ದ ಇನ್ನೂ ಎರಡು ಮೈಲಿ ಇರುವಾಗ ಸಣ್ಣಕ್ಕ ಗಾಡಿ ನಿಲ್ಲಿಸಲು ಕೇಳಿದಳು. ನಿಲ್ಲಿಸುವಷ್ಟರಲ್ಲಿ ವಾಂತಿಯಾಗಿ, ಸೀರೆ ಕೆಟ್ಟಿತು.

"ತಿನ್ನಾಗ ಗೊತ್ತಾಗ್ಲಿಲ್ವಾ?" ಎಂದ ದಿಲೀಪ. "ಸೀಟ್ ಮ್ಯಾಲೆ ಬಿದ್ದಿದ್ರೆ ತೊಳ್ಯೋರ್ಯಾರು?" ಎಂದು ಕೇಳಿ, ತನಗೇ ಉತ್ತರ ಹೊಳೆದು ನಕ್ಕ. ಅಲ್ಲಿಂದ ಅವಳು ನಡೆದು ಬಂದಳು. ಯಾರೂ ಹತ್ತು ಎನ್ನಲಿಲ್ಲ.

ಸಂಜೆಯೊಳಗೆ ವೀಡಿಯೋ ಊರಿನ ವಾಟ್ಸಾಪ್ ಗುಂಪಿಗೆ ಬಂತು. ಕೆಳಗೆ "ಆರು ಜನರ ಊಟ ಒಬ್ಬಳೇ" ಎಂಬ ಒಕ್ಕಣೆ. ಮುಂದಿನ ಬುಧವಾರ ಸಮಿತಿ ಸೇರಿತು. ಶಾಲೆಯ ಅಕ್ಕಿ, ಬೇಳೆ, ಹಾಲಿನ ಪುಡಿ ಇರುವ ಕೋಣೆಯ ಬೀಗದ ಕೈ ಮುಖ್ಯ ಅಡುಗೆಯವರ ಬಳಿ ಇರುತ್ತದೆ. ಅದನ್ನೇ ನೆಪ ಮಾಡಿಕೊಂಡರು.

"ಪಾಪ, ಎಂಗ್ಸು ಒಳ್ಳೇದೇ," ಎಂದಳು ಲಕ್ಕಮ್ಮ. "ಆದ್ರೆ ಒಟ್ಟೆ ಅಂಗೈತೆ. ಮಕ್ಳ ಬಾಯಿಗೆ ಉಳೀಬೇಕಲ್ಲ?"

ಸಣ್ಣಕ್ಕ ಬಾಗಿಲಾಚೆ ನಿಂತಿದ್ದಳು. ಶಾಂತರಾಜು ಠರಾವು ಬರೆದು ಓದಿದ: "ಆಹಾರದ ವಿಷಯದಲ್ಲಿ ಸಂಯಮವಿಲ್ಲದಿರುವುದು ಎಲ್ಲರ ಗಮನಕ್ಕೆ ಬಂದಿರುವುದರಿಂದ, ದಾಸ್ತಾನಿನ ಹೊಣೆಯನ್ನು ಸದರಿಯವರಿಗೆ ವಹಿಸುವುದು ಮಕ್ಕಳ ಹಿತದೃಷ್ಟಿಯಿಂದ ಸೂಕ್ತವಲ್ಲ." ಆ ಪುಟವನ್ನು ನಾನು ಆಮೇಲೆ ನೋಡಿದೆ. ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಶಾಂತರಾಜು ನನ್ನ ಶಿಷ್ಯ. ದಿಲೀಪ ಸಹಿ ಹಾಕಿದ. ಕೆಲಸ ಲಕ್ಕಮ್ಮನ ಸೊಸೆ ಸಿಂಧುವಿಗೆ ಹೋಯಿತು.

ಹಾಸನದಲ್ಲಿ ನರ್ಸಿಂಗ್ ಓದುತ್ತಿರುವ ಸಂಘಮಿತ್ರಾ ಓಡಿಬಂದಳು. "ಕೇಸ್ ಆಕನ ಕಣವ್ವ, ಬಿಡ್ಬಾರ್ದು," ಎಂದಳು.

"ಏನಂತ ಆಕ್ತೀಯೆ? ನಮ್ಮವ್ವಂಗೆ ಓಟ್ಲಲ್ಲಿ ಒಟ್ಟೆ ತುಂಬ ಉಣ್ಣಾಕಿಕ್ಕುದ್ರು ಅಂತಾನಾ? ನಾನೇ ನಗ್ತಾ ತಿಂದಿವ್ನಿ, ಫೋನ್ನಲ್ಲಿ ಐತಲ್ಲ." ಮಗಳಿಗೆ ಉತ್ತರವಿತ್ತು, ಕಾನೂನಿನಲ್ಲೂ ಇತ್ತು. ಆದರೆ ಆ ವೀಡಿಯೋವನ್ನು ಇನ್ನೊಂದು ಸಲ ಯಾರೆದುರೂ ಹಾಕಿಸಲು ಸಣ್ಣಕ್ಕ ಒಪ್ಪಲಿಲ್ಲ. ಗಂಡ ದ್ಯಾವಯ್ಯ ನೀಲಿ ಸೀರೆಯನ್ನು ತಾನೇ ಒಗೆದು ಹಾಕಿದ.

ಅವಳು ಈಗಲೂ ಅದೇ ಶಾಲೆಯಲ್ಲಿ ಸಹಾಯಕಿ. ಜನರೆದುರು ಏನನ್ನೂ ತಿನ್ನುವುದಿಲ್ಲ. ನಮ್ಮ ಮನೆಗೆ ಬಂದರೂ ಕಾಫಿ ಮುಟ್ಟುವುದಿಲ್ಲ. ದೊಡ್ಡ ತರಗತಿಯ ಮಕ್ಕಳು ಅವಳಿಗೆ ಆರುಪ್ಲೇಟು ಎಂದು ಹೆಸರಿಟ್ಟಿದ್ದಾರೆ, ಕರೆದರೆ ಓಗೊಡುತ್ತಾಳೆ. ಸಿಂಧುವಿಗೆ ಎಂಬತ್ತು ಜನರ ಅಡುಗೆಯ ಅಂದಾಜು ಇಲ್ಲ. ಹನ್ನೊಂದೂವರೆಯಾದರೆ ಒಳಗಿನಿಂದ ಕೂಗುತ್ತಾಳೆ: "ಸಣ್ಣಕ್ಕ, ಉಪ್ಪು ಎಷ್ಟಾಕ್ಲಿ?" ಸಣ್ಣಕ್ಕ ನಲ್ಲಿಯ ಹತ್ತಿರದಿಂದಲೇ ಮೂಗೆತ್ತಿ, ಗಾಳಿಯಲ್ಲಿ ಬರುವ ಸಾರಿನ ವಾಸನೆ ಹಿಡಿದು, "ಇನ್ನೊಂದಿಡಿ ಆಕವ್ವ," ಎನ್ನುತ್ತಾಳೆ.