ಏಣಿ ಕೂತ ತಿಂಗಳು

ಊರೆಲ್ಲ ಅವನನ್ನು ಏಣಿ ಎನ್ನುತ್ತಿತ್ತು. ಅಷ್ಟು ಎತ್ತರ. ಮನೆ ಬಾಗಿಲು ದಾಟುವಾಗ ಮಾತ್ರ ಬಗ್ಗುತ್ತಿದ್ದ, ಇನ್ನೆಲ್ಲೂ ಇಲ್ಲ.

ಕಡಲ ದಂಡೆಯ ಹವಾಮಾನ ಕಚೇರಿಯಲ್ಲಿ ಅವನ ಕೆಲಸ. ಅಂಗಳದಲ್ಲಿ ನಾಲ್ಕು ಕಾಲಿನ ಬಿಳಿ ಮರದ ಪೆಟ್ಟಿಗೆ, ಒಳಗೆ ಥರ್ಮಾಮೀಟರ್. ಬೆಳಿಗ್ಗೆ ಎಂಟೂವರೆಗೆ ಒಂದು ಸಲ, ಸಂಜೆ ಐದೂವರೆಗೆ ಒಂದು ಸಲ ಬಾಗಿಲು ತೆಗೆದು, ಪಾದರಸ ಎಲ್ಲಿದೆ ನೋಡಿ, ಪುಸ್ತಕದಲ್ಲಿ ಬರೆಯಬೇಕು. ಇಪ್ಪತ್ತಾರು ವರ್ಷ ಬರೆದ. ಜ್ವರ ಬಂದರೂ ಹೋದ. ಮಗಳು ಹುಟ್ಟಿದ ದಿನ ಎಂಟೂವರೆಗೆ ಪೆಟ್ಟಿಗೆಯ ಮುಂದೆ ನಿಂತಿದ್ದ, ಆಮೇಲೆ ಆಸ್ಪತ್ರೆಗೆ ಓಡಿದ.

"ಮಗು ಹೇಗಿದೆ ಅಂತ ಕೇಳ್ಬೇಕು ತಾನೇ? ಇಪ್ಪತ್ತೆಂಟು ಪಾಯಿಂಟ್ ನಾಲ್ಕು ಅಂದ್ರು!" ಎಂದು ಹೆಂಡತಿ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅವನು ಪಕ್ಕದಲ್ಲೇ ಕೂತು ನಗುತ್ತಿದ್ದ.

ಇಪ್ಪತ್ತೇಳನೇ ವರ್ಷ ಮಂಡಿ ಮುನಿಸಿಕೊಂಡಿತು. ನಿಂತರೆ ನೋವು.

"ಕೂತ್ಕೊಂಡು ನೋಡಿದ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?" ಎಂದು ಹೆಂಡತಿ ಅಡುಗೆಮನೆಯ ಸ್ಟೂಲನ್ನು ಕೈಗೆ ಕೊಟ್ಟಳು. ಅಂದಿನಿಂದ ಕೂತು ನೋಡಿದ.

ಅದೇ ತಿಂಗಳು ಕಡಲಿಗೆ ಒಂದು ಹೊಸ ದೋಣಿ ಬಂತು. ಸಮುದ್ರದ ಉಪ್ಪುನೀರನ್ನು ಮಂಜಿನ ಹಾಗೆ ಮೇಲಕ್ಕೆ ಚಿಮ್ಮಿಸುವ ದೋಣಿ. ಉಪ್ಪಿನಿಂದ ಮೋಡ ಇನ್ನೂ ಬೆಳ್ಳಗಾಗುತ್ತದೆ, ಬೆಳ್ಳಗಿನ ಮೋಡ ಬಿಸಿಲನ್ನು ವಾಪಸ್ ಅಟ್ಟುತ್ತದೆ, ಭೂಮಿ ತಂಪಾಗುತ್ತದೆ. ಹಾಗೆಂದಳು ದೋಣಿ ತಂದ ಸಂಶೋಧಕಿ. ಊರು ಅವಳಿಗೆ ಉಪ್ಪು ಮೇಡಂ ಎಂದು ಹೆಸರಿಟ್ಟಿತು. ಮೀನುಗಾರರ ಸಂಘದ ಅಧ್ಯಕ್ಷನಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ.

ಒಂದು ವರ್ಷ ಕಳೆಯಿತು. ಉಪ್ಪು ಮೇಡಂ ಕಚೇರಿಗೆ ಓಡಿಬಂದಳು. ಕೈಯಲ್ಲಿ ಒಂದು ಗೆರೆಯ ಚಿತ್ರ.

"ಅಣ್ಣಾ, ನೋಡಿ! ದೋಣಿ ಬಂದ ತಿಂಗಳಿಂದ ಗೆರೆ ಕೆಳಗಿಳಿದಿದೆ. ಪಾಯಿಂಟ್ ಮೂರು ಡಿಗ್ರಿ! ಈ ದಂಡೆಗೆಲ್ಲ ಇರೋದು ನಿಮ್ಮ ಪೆಟ್ಟಿಗೆ ಒಂದೇ. ನೀವು ಬರೆದಿಟ್ಟಿದ್ದಕ್ಕೇ ಗೊತ್ತಾಯ್ತು. ಭಾನುವಾರ ಸಭೆ ಇದೆ. ಇನ್ನೂ ನಲವತ್ತು ದೋಣಿ ಬೇಕಾ ಬೇಡ್ವಾ ಅಂತ ಅಲ್ಲೇ ತೀರ್ಮಾನ. ನಿಮಗೆ ಸನ್ಮಾನಾನೂ ಉಂಟು."

ಏಣಿ ಮನೆಗೆ ಹಾರಿಕೊಂಡು ಬಂದ. ಮಂಡಿ ನೋವು ಮರೆತೇಹೋಗಿತ್ತು. ಹೆಂಡತಿ ಚಿತ್ರ ನೋಡಿದಳು. ಗೆರೆ ಇಳಿದ ಜಾಗದಲ್ಲಿ ಬೆರಳಿಟ್ಟಳು.

"ರೀ, ಇದು ನನ್ನ ಸ್ಟೂಲು ಹೋದ ತಿಂಗಳಲ್ವಾ?"

ಅವನು ಬೆರಳು ಮಡಿಚಿ ತಿಂಗಳು ಎಣಿಸಿದ. ಅದೇ ತಿಂಗಳು.

ಮರುದಿನ ಬೆಳಿಗ್ಗೆ ಇಬ್ಬರೂ ಹೋದರು. ನಿಂತು ನೋಡಿದ: ಇಪ್ಪತ್ತೇಳು ಪಾಯಿಂಟ್ ಒಂದು. ತಕ್ಷಣ ಕೂತು ನೋಡಿದ: ಇಪ್ಪತ್ತಾರು ಪಾಯಿಂಟ್ ಎಂಟು. ಮತ್ತೆ ನಿಂತ, ಮತ್ತೆ ಕೂತ. ಅಷ್ಟೇ. ಕಣ್ಣು ಪಾದರಸದ ತುದಿಗೆ ಸಮವಾಗಿರಬೇಕು. ಮೇಲಿನಿಂದ ನೋಡಿದರೆ ಅಂಕೆ ಜಾಸ್ತಿ ಕಾಣುತ್ತದೆ. ಅವನಿಗೆ ಕೆಲಸ ಕಲಿಸಿದವನು ಕುಳ್ಳ. ಬಗ್ಗುವ ಪ್ರಶ್ನೆಯೇ ಅವನಿಗೆ ಬಂದಿರಲಿಲ್ಲ, ಹಾಗಾಗಿ ಹೇಳಿಯೂ ಇರಲಿಲ್ಲ.

"ಇಪ್ಪತ್ತಾರು ವರ್ಷ ತಪ್ಪು ಬರೆದೆ ಕಣೇ," ಎಂದ. "ಹೇಳಿದ್ರೆ ಅಷ್ಟೂ ಪುಸ್ತಕ ರದ್ದಿಗೆ ಹಾಕ್ತಾರೆ."

"ಹೇಳದಿದ್ರೆ?"

"ಒಂದು ಸ್ಟೂಲಿನ ಮಾತು ನಂಬಿ ನಲವತ್ತು ದೋಣಿ ಬಿಡ್ತಾರೆ."

"ಹಾಗಾದ್ರೆ ಹೇಳಿ. ನಗೋರು ನಗ್ಲಿ. ಅವರಿಗೂ ಬೇರೆ ಕೆಲಸ ಇಲ್ಲ."

ಭಾನುವಾರ ಸಭೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಧ್ಯಕ್ಷ ಎದ್ದು ಕೂಗಾಡುತ್ತಿದ್ದ. "ಇವತ್ತು ಮೋಡಕ್ಕೆ ಸುಣ್ಣ ಹೊಡೀತೀರಿ. ನಾಳೆ ಮಳೆಗೇ ಬೀಗ ಬಿದ್ರೆ ಕೀಲಿಕೈ ಯಾರ ಹತ್ರ ಇರುತ್ತೆ?"

"ಬಿಸಿ ಏರ್ತಾ ಇದ್ರೆ ಕೈಕಟ್ಟಿ ಕೂರ್ಬೇಕಾ?" ಎಂದಳು ಮೇಡಂ. "ತಂಪಾಗಿದೆ. ಲೆಕ್ಕ ಇದೆ. ಬರೆದವರೇ ಇಲ್ಲಿದ್ದಾರೆ."

ಏಣಿ ವೇದಿಕೆ ಹತ್ತಿದ. ಹಾರ ಹಿಡಿದವರು ಮುಂದೆ ಬಂದರು. ಅವನು ಹಾರಕ್ಕೆ ಕತ್ತು ಕೊಡಲಿಲ್ಲ. ಸ್ಟೂಲನ್ನು ನಡುವೆ ಇಟ್ಟ, ನಿಂತು ತೋರಿಸಿದ, ಕೂತು ತೋರಿಸಿದ, ಎರಡು ಅಂಕೆಯನ್ನೂ ಹೇಳಿದ.

"ತಂಪಾಗಿದ್ದು ಊರಲ್ಲ. ನನ್ನ ಮಂಡಿ ಕೆಟ್ಟಿದ್ದು."

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷ ಕಣ್ಣೊರೆಸಿಕೊಂಡು, "ಏಣಿಯಣ್ಣಾ, ನಮ್ಮ ಸಂಘಕ್ಕೆ ಬಂದ್ಬಿಡು" ಎಂದ. "ನಾನು ಯಾರ ಕಡೇನೂ ಅಲ್ಲಪ್ಪಾ," ಎಂದ ಇವನು. "ಉಪ್ಪು ಕೆಲಸ ಮಾಡುತ್ತೋ ಇಲ್ವೋ ನಂಗೆ ಗೊತ್ತಿಲ್ಲ. ಈ ಪುಸ್ತಕ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ. ಅಷ್ಟೇ." ನಲವತ್ತು ದೋಣಿಯ ಮಾತು ಅಂದಿಗೆ ನಿಂತಿತು. ಉಪ್ಪು ಮೇಡಂ ಮಾತ್ರ ನಕ್ಕಿರಲಿಲ್ಲ. ಎದ್ದು ಹೊರಗೆ ಹೋದಳು.

ಮರುದಿನ ಅವಳು ಮನೆಬಾಗಿಲಿಗೆ ಬಂದಾಗ ಬೈಸಿಕೊಳ್ಳಲು ಅವನು ಸಿದ್ಧನಾಗಿದ್ದ. ಅವಳ ಕೈಯಲ್ಲಿ ಅಳತೆಯ ಟೇಪು.

"ಅಣ್ಣಾ, ನಿಜ ಹೇಳಿ. ಆ ಇಪ್ಪತ್ತಾರು ವರ್ಷದಲ್ಲಿ ಒಂದು ದಿನಾನಾದ್ರೂ ಬಗ್ಗಿ ನೋಡಿದ್ರಾ?"

"ಇಲ್ಲ."

"ಬೇರೆ ಯಾರಾದ್ರೂ ನೋಡಿದ್ರಾ?"

"ಇವರು ಬಿಟ್ರೆ ತಾನೇ!" ಒಳಗಿನಿಂದ ಹೆಂಡತಿಯ ದನಿ.

ಮೇಡಂ ಅವನನ್ನು ಗೋಡೆಗೆ ನಿಲ್ಲಿಸಿ ಕಣ್ಣಿನ ಎತ್ತರ ಅಳೆದಳು. ಅಳೆಯುತ್ತಲೇ ಮುಖ ಅರಳಿತು. "ಒಂದು ದಿನ ಬಗ್ಗಿ ಒಂದು ದಿನ ನಿಂತು ನೋಡಿದ್ರೆ ಎಲ್ಲಾ ಕಸ. ನಿಮ್ಮ ತಪ್ಪು ದಿನಾ ಒಂದೇ ತಪ್ಪು. ಕಳೆದುಬಿಟ್ರೆ ಮುಗೀತು. ಒಂದು ಪುಸ್ತಕಾನೂ ಎಸೆಯೋ ಹಾಗಿಲ್ಲ!"

ಏಣಿ ಗೋಡೆಗೆ ಒರಗಿದವನು ಹಾಗೆಯೇ ಜಾರಿ ನೆಲಕ್ಕೆ ಕೂತ. ನಗುತ್ತಿದ್ದನೋ ಅಳುತ್ತಿದ್ದನೋ.

ಪುಸ್ತಕಗಳು ಮನೆಗೆ ಬಂದವು. ನಾಲ್ಕನೇ ಕ್ಲಾಸು ಓದಿದ ಹೆಂಡತಿ ಅಂಕೆ ಓದುವುದು, ಅವನು ಪಾಯಿಂಟ್ ಮೂರು ಕಳೆಯುವುದು, ಮೇಡಂ ಕಂಪ್ಯೂಟರಿಗೆ ಹಾಕುವುದು. ಹನ್ನೊಂದು ದಿನ ಹಿಡಿಯಿತು. ಮನೆ ತುಂಬ ನಗು. ಅಷ್ಟು ನಗು ಆ ಮನೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಕೊನೆಗೆ ಹೊಸ ಗೆರೆ ಬಂತು. ಎಲ್ಲೂ ಇಳಿದಿರಲಿಲ್ಲ. ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಏರಿತ್ತು.

"ಬಿಸಿ ಏರಿದ್ದಕ್ಕೆ ಹಲ್ಲು ಬಿಡ್ತೀರಾ?" ಎಂದಳು ಹೆಂಡತಿ.

"ಬಿಸಿಗಲ್ಲ ಕಣೇ. ಏರಿದೆ ಅಂತ ಇನ್ನು ಯಾರೂ ಸುಳ್ಳು ಅನ್ನೋ ಹಾಗಿಲ್ಲ," ಎಂದ. "ಮುಂದಿನ ಪುಟ ಓದು."

"ಪುಟ ಮುಗೀತು."

"ಹಾಗಾದ್ರೆ ಮೊದಲಿಂದ ಓದು. ಸರಿ ಇದೆಯಾ ನೋಡೋಣ."